ಚಿಪ್ ರೇಟು ಬಿದ್ದಾಗ ಷೇರು ತಗೋಬೇಕೋ, ಬಿಡಬೇಕೋ? ಬೆಳಗಾವಿ ಹೂಡಿಕೆದಾರರ ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ಟಿಳಕವಾಡಿ): ನಮಸ್ಕಾರ ಸರ್. ಮೆಮೊರಿ ಚಿಪ್ ಕಂಪನಿ ಷೇರಿನ ಪಿ.ಇ. (ಷೇರಿನ ದರ ಒಂದು ಷೇರಿನ ವರ್ಷದ ಲಾಭದ ಎಷ್ಟು ಪಟ್ಟು ಅನ್ನೋ ಲೆಕ್ಕ) ಏಳು-ಎಂಟಕ್ಕ ಬಂದ್ರ ಅಗ್ಗ ಅಂತ ತಗೋಬಹುದೇನ್ರಿ?

ಉತ್ತರ (ಷೇರು ವಿಶ್ಲೇಷಕ): ಇಲ್ಲೇ ಮಂದಿ ಎಡವೋದು ನೋಡ್ರಿ. ಈ ಧಂದೆಯೊಳಗ ಲಾಭ ತುತ್ತತುದಿಗೆ ಹೋದಾಗಲೇ ಪಿ.ಇ. ಸಣ್ಣದು ಕಾಣತೈತಿ. ದರ ಬಿದ್ದು ನಷ್ಟ ಆದಾಗ ಪಿ.ಇ. ಅನ್ನೋದೇ ಇರೋದಿಲ್ಲ. ಅಮೆರಿಕದ ಮೆಮೊರಿ ಚಿಪ್ ಕಂಪನಿ ಮೈಕ್ರಾನ್‌ದು 2022ರ ಹಣಕಾಸು ವರ್ಷದಾಗ 3,076 ಕೋಟಿ ಡಾಲರ್ ವಹಿವಾಟು, ಮರುವರ್ಷ 1,554 ಕೋಟಿ; ಅದರ ಮ್ಯಾಲೆ 583 ಕೋಟಿ ಡಾಲರ್ ನಿವ್ವಳ ನಷ್ಟ.

ಕಾರಣ ಇಷ್ಟ: ಡಿ-ರ್‍ಯಾಮ್ (ಕಂಪ್ಯೂಟರ್, ಫೋನಿನ ಮೆಮೊರಿ ಚಿಪ್) ಯಾರು ಮಾಡಿದ್ರೂ ಹೆಚ್ಚುಕಡಿಮೆ ಒಂದೇ ಮಾಲು. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂರರ ಕೈಯಾಗ ಬಹುಪಾಲು ಮಾರುಕಟ್ಟೆ ಇದ್ರೂ ಯಾರೂ ಮೊದಲು ಉತ್ಪಾದನೆ ಇಳಿಸಾಕ ಒಪ್ಪೋದಿಲ್ಲ. ಕಾರ್ಖಾನೆ ನಿಲ್ಲಿಸಿದ್ರೂ ಯಂತ್ರದ ಸವಕಳಿ ನಿಲ್ಲೋದಿಲ್ಲಲ್ಲ. ಕೈಯಿಂದ ಹಾಕೋ ಖರ್ಚು ಹುಟ್ಟೋ ತನಕ ಮಾರತಾನೇ ಇರತಾರ. ಸ್ಯಾಮ್‌ಸಂಗ್ ಉತ್ಪಾದನೆ ಕಡಿತದ ಮಾತು ಎತ್ತಿದ್ದು 2023ರ ಏಪ್ರಿಲ್‌ನಾಗ. ನಮ್ಮ ಉಳ್ಳಾಗಡ್ಡಿ ಹಂಗ, ದರ ಏರಿದ ವರ್ಷ ಎಲ್ಲಾರೂ ಬಿತ್ತತಾರ. ಆದ್ರ ಇಲ್ಲಿ ಬೆಳಿ, ಅಂದ್ರ ಹೊಸ ಕಾರ್ಖಾನೆಯ ಮಾಲು, ಕೈಗೆ ಬರಾಕ ಎರಡು-ಮೂರು ವರ್ಷ ಬೇಕು.

ಪ್ರಶ್ನೆ (ಅವರೇ): ಹಂಗಾದ್ರ ಏನು ನೋಡಬೇಕ್ರಿ?

ಉತ್ತರ: ದಾಸ್ತಾನಿನ ದಿನ, ಅಂದ್ರ ಮಾರದೆ ಉಳಿದ ಮಾಲು ಎಷ್ಟು ದಿನದ ಮಾರಾಟಕ್ಕ ಸಾಕು ಅನ್ನೋದು. ತ್ರೈಮಾಸಿಕ ವರದಿಯೊಳಗ ‘ಇನ್ವೆಂಟರೀಸ್’ ಅನ್ನೋ ಅಂಕಿ ತಗೊಂಡು, ‘ಕಾಸ್ಟ್ ಆಫ್ ಗೂಡ್ಸ್ ಸೋಲ್ಡ್’ (ಮಾರಿದ ಮಾಲಿನ ವೆಚ್ಚ) ಅಂಕಿಯಿಂದ ಭಾಗಿಸಿ, ತ್ರೈಮಾಸಿಕದ ದಿನ ಅಂದ್ರ 91ರಿಂದ ಗುಣಿಸ್ರಿ. ಉದಾಹರಣೆಗೆ ದಾಸ್ತಾನು 800, ವೆಚ್ಚ 400 ಇದ್ರ 182 ದಿನ. ಒಂದೇ ತ್ರೈಮಾಸಿಕ ನೋಡಿ ಹಾರಬ್ಯಾಡ್ರಿ, ಎಂಟು ತ್ರೈಮಾಸಿಕ ಸಾಲಾಗಿ ಬರಕೊಳ್ರಿ. ದಿನ ಏರಿ, ಒಂದ್ಕಡೆ ನಿಂತು, ಇಳಿಯಾಕ ಹತ್ತಿದಾಗ ದರದ ಕುಸಿತ ಮುಗಿಯೋ ಹೊತ್ತು. ಜೊತೆಗೆ ಹೊಸ ಯಂತ್ರಕ್ಕ ಹಾಕೋ ಬಂಡವಾಳ ಕಡಿಮೆ ಆಗೇತೇನು, ಅದನ್ನೂ ನೋಡ್ರಿ.

ಒಂದು ಮೋಸ ಐತಿ. ಮೈಕ್ರಾನ್ 2023ರ ಹಣಕಾಸು ವರ್ಷದ ಎರಡನೇ ತ್ರೈಮಾಸಿಕದಾಗ 143 ಕೋಟಿ ಡಾಲರ್ ದಾಸ್ತಾನಿನ ಮೌಲ್ಯ ಪುಸ್ತಕದಾಗ ಇಳಿಸಿತು. ಇಂಥಾ ಹೊತ್ತಿನಾಗ ಮಾಲು ಮಾರದಿದ್ರೂ ದಿನ ಕಡಿಮೆ ಕಾಣತಾವ. ಮುಂದ ಅದೇ ಮಾಲು ಮಾರಿದಾಗ ಲಾಭದ ಪ್ರಮಾಣ ಉಬ್ಬಿ ಕಾಣತೈತಿ. ಅಡಿಟಿಪ್ಪಣಿ ಓದದೆ ಲೆಕ್ಕ ಹಾಕಿದ್ರ ಎರಡೂ ಸಲ ತಪ್ಪು.

ಪ್ರಶ್ನೆ (ಗೋಕಾಕ): ಕಂಪ್ಯೂಟರ್ ಪ್ರೊಸೆಸರ್ ಮಾಡೋ ಎಎಂಡಿ-ಇಂಟೆಲ್ ಪೈಪೋಟಿನೂ ಹಿಂಗ ಏನ್ರಿ ಸರ್?

ಉತ್ತರ: ಅಲ್ಲ. ಅಲ್ಲಿ ಮಾಲು ಬ್ಯಾರೆ ಬ್ಯಾರೆ, ಹಂಗಾಗಿ ದರ ತಡವಾಗಿ ಬೀಳತೈತಿ. 2017ರ ಮಾರ್ಚ್‌ನಾಗ ಎಎಂಡಿ ಎಂಟು ಕೋರ್‌ನ (ಕೋರ್ ಅಂದ್ರ ಲೆಕ್ಕ ಮಾಡೋ ಘಟಕ) ರೈಜನ್ 7 1800ಎಕ್ಸ್ 499 ಡಾಲರ್‌ಗೆ ಬಿಟ್ಟಿತು. ಇಂಟೆಲ್‌ನ ಎಂಟು ಕೋರ್ ಐ7-6900ಕೆ ಆಗ ಸಾವಿರ ಡಾಲರ್ ಮ್ಯಾಲೆ. ಇಂಟೆಲ್ ದೊಡ್ಡ ಕಡಿತ ಮಾಡಿದ್ದು 2019ರಾಗ: 18 ಕೋರ್ ಚಿಪ್ 1,979ರಿಂದ 979 ಡಾಲರ್‌ಗೆ. ಎಎಂಡಿಗೆ ಸ್ವಂತ ಕಾರ್ಖಾನೆ ಇಲ್ಲ, ಹೊರಗ ಮಾಡಿಸತೈತಿ. ಇಂಟೆಲ್‌ಗೆ ಆರ್ಡರ್ ಕಡಿಮೆ ಆದ್ರ ಖಾಲಿ ಕಾರ್ಖಾನೆಯ ಖರ್ಚು ಮೈಮ್ಯಾಲೆ. ಹಂಗಾಗಿ ಇಲ್ಲಿ ದಾಸ್ತಾನಿಗಿಂತ ಗ್ರಾಸ್ ಮಾರ್ಜಿನ್, ಅಂದ್ರ ಮಾರಾಟದಾಗ ಮಾಲಿನ ವೆಚ್ಚ ಕಳೆದು ಉಳಿಯೋ ಪಾಲು, ಮೊದಲು ನೋಡ್ರಿ.

ಪ್ರಶ್ನೆ (ಖಡೇಬಜಾರ): ಸಾಹೇಬ್ರ, ಅಂಗಡಿಗೆ ಬರೋ ರ್‍ಯಾಮ್ ತುಟ್ಟಿ ಆಗೋದಕ್ಕ ಎಐ ಕಾರಣ ಅಂತಾರಲ್ರಿ, ಖರೇ ಏನು?

ಉತ್ತರ: ಖರೇ. ಎಐ ಸರ್ವರ್‌ಗೆ ಬೇಕಾದ ಎಚ್‌ಬಿಎಂ ಅನ್ನೋ ಅತಿ ವೇಗದ ಮೆಮೊರಿಗೆ, ಅಷ್ಟೇ ಗಿಗಾಬೈಟ್‌ನ ಡಿಡಿಆರ್5ಗಿಂತ (ಸಾದಾ ಕಂಪ್ಯೂಟರಿನ ಮೆಮೊರಿ) ಸುಮಾರು ಮೂರು ಪಟ್ಟು ವೇಫರ್ (ಚಿಪ್ ಮಾಡೋ ಸಿಲಿಕಾನ್ ಬಿಲ್ಲೆ) ಬೇಕು. ಕಾರ್ಖಾನೆ ಅದೇ, ಅಂಗಡಿ ಮಾಲಿಗೆ ಉಳಿಯೋ ಜಾಗ ಕಡಿಮೆ.

ಪ್ರಶ್ನೆ (ಟಿಳಕವಾಡಿ): ತೆರಿಗೆ ಹೆಂಗ್ರಿ?

ಉತ್ತರ: ಇಂಥಾ ವಿದೇಶಿ ಷೇರಿಗೆ ಅಂತ ವರ್ಷಕ್ಕ 10 ಲಕ್ಷ ರೂಪಾಯಿ ದಾಟಿ ಕಳಿಸಿದ್ರ, ದಾಟಿದ ಮೊತ್ತಕ್ಕ ಬ್ಯಾಂಕು 20% ಟಿಸಿಎಸ್ (ಮೊದಲೇ ಹಿಡಿಯೋ ತೆರಿಗೆ) ಹಿಡಿಯತೈತಿ, ರಿಟರ್ನ್‌ನಾಗ ಹೊಂದಿಸಬಹುದು. 24 ತಿಂಗಳ ಮ್ಯಾಲೆ ಮಾರಿದ್ರ ಲಾಭಕ್ಕ 12.5%, ಅದಕ್ಕ ಮೊದಲು ನಿಮ್ಮ ಸ್ಲ್ಯಾಬ್ ದರ. ರಿಟರ್ನ್‌ನ ಷೆಡ್ಯೂಲ್ ಎಫ್‌ಎ (ವಿದೇಶಿ ಆಸ್ತಿ ತೋರಿಸೋ ಭಾಗ) ತುಂಬುವಾಗ ಏಪ್ರಿಲ್-ಮಾರ್ಚ್ ಲೆಕ್ಕ ಹಾಕಬ್ಯಾಡ್ರಿ, ಅದು ಜನವರಿ-ಡಿಸೆಂಬರ್ ಕೇಳತೈತಿ.