ಸ್ಕೊಲಾರಿ ಅಂದ್ರೆ ಬರೀ 7-1 ಮಾತ್ರವಾ?

ಉಪ್ಪಳದ ಹಳದಿ ಜೆರ್ಸಿ
ವರ್ಲ್ಡ್ ಕಪ್ ಬಂದ್ರೆ ನಮ್ಮ ಕಾಸರಗೋಡಲ್ಲಿ ಬ್ರೆಜಿಲ್ ಫ್ಲೆಕ್ಸಿನ ಎದುರೇ ಅರ್ಜೆಂಟೀನಾ ಫ್ಲೆಕ್ಸ್ ಏಳ್ತದೆ, ಅದು ಎಲ್ಲರಿಗೂ ಗೊತ್ತುಂಟು. ಆದ್ರೆ ಈಗಿನ ಮಕ್ಕಳ ಹತ್ರ ಸ್ಕೊಲಾರಿ ಹೆಸರು ತೆಗೆದ್ರೆ ಸಾಕು, ‘ಓ ಆ ಏಳು ಗೋಲು ತಿಂದ ಕೋಚಾ’ ಅಂತಾರೆ. 2014ರ ವರ್ಲ್ಡ್ ಕಪ್ ಸೆಮಿಯಲ್ಲಿ ಬ್ರೆಜಿಲ್ ಜರ್ಮನಿ ಹತ್ರ 7-1ಕ್ಕೆ ಸೋತಾಗ ಕೋಚ್ ಇವರೇ, ಅದಕ್ಕೆ. ಬ್ರೆಜಿಲ್ ಕೊನೇ ಸಲ ಕಪ್ ಎತ್ತಿದ್ದು 2002ರಲ್ಲಿ, ಎತ್ತಿಸಿದ್ದು ಇದೇ ಮನುಷ್ಯ ಮಾರಾಯ್ರೆ. ಕೇಳುವಾಗ ನಿಜವಾಗಿ ಬೇಜಾರಾಗ್ತದೆ. ಒಂದು ಮ್ಯಾಚು ನೋಡಿ ಅಷ್ಟು ವರ್ಷದ ಕೆಲಸ ಅಳೆಯುದು ಸರಿಯಾ?

ಕುಂಬ್ಳೆ ಸ್ಟಾಪರ್
ಸರಿಯಲ್ಲ ಅಣ್ಣ. 2001ರ ಜೂನಲ್ಲಿ ಟೀಮು ಅವರ ಕೈಗೆ ಬರುವಾಗ ಎಂತ ಅವಸ್ಥೆ ಇತ್ತು, ವರ್ಲ್ಡ್ ಕಪ್ಪಿಗೆ ಕ್ವಾಲಿಫೈ ಆಗುದೇ ಡೌಟು, ಮರು ತಿಂಗಳು ಕೋಪಾ ಅಮೆರಿಕಾದಲ್ಲಿ ಹೊಂಡುರಾಸ್ ಹತ್ರ 2-0ಗೆ ಸೋತು ಹೊರಗೆ. ಮೇಲಿಂದ ಸ್ಟ್ರೈಕರ್ ರೊಮಾರಿಯೊನ ತಗೊಳ್ಳಿ ಅಂತ ದೇಶ ಇಡೀ ಬೊಬ್ಬೆ, ಅವ ಪತ್ರಕರ್ತರ ಎದುರು ಕಣ್ಣೀರು ಹಾಕಿದ್ರೂ ಇವರು ತಗೊಳ್ಳಲಿಲ್ಲ. ಮೊಣಕಾಲು ಹೋಗಿ ಎರಡು ವರ್ಷ ಹೆಚ್ಚುಕಮ್ಮಿ ಆಡದೇ ಇದ್ದ ಬ್ರೆಜಿಲ್ ರೊನಾಲ್ಡೊನ ಮಾತ್ರ ನಂಬಿದ್ರು, ಅವ ಎಂಟು ಗೋಲು ಹೊಡೆದ! ಟೂರ್ನಮೆಂಟಿಗೆ ಮೊದಲು ಕ್ಯಾಪ್ಟನ್ ಎಮರ್ಸನ್ ಪ್ರಾಕ್ಟೀಸಲ್ಲಿ ಗೋಲಿ ನಿಂತು ಭುಜ ತಪ್ಪಿಸ್ಕೊಂಡ, ಕ್ಯಾಪ್ಟನ್ ಪಟ್ಟಿ ಕಫು ಕೈಗೆ ಹೋಯ್ತು. ಹಿಂದೆ ಲೂಸಿಯೊ, ಎಡ್ಮಿಲ್ಸನ್, ರೋಕೆ ಜೂನಿಯರ್ ಮೂರು ಜನ, ಆ ಧೈರ್ಯದಲ್ಲೇ ಕಫು, ರಾಬರ್ಟೊ ಕಾರ್ಲೊಸ್ ಇಬ್ಬರೂ ಸೈಡಲ್ಲಿ ಮೇಲೆ ಓಡಿದ್ದು. ಡಿಫೆಂಡರ್ ಆಗಿ ಎಡ್ಮಿಲ್ಸನ್ ಕೋಸ್ಟರಿಕಾಗೆ ಹೊಡೆದ ಬೈಸಿಕಲ್ ಕಿಕ್ ಒಮ್ಮೆ ನೋಡಿ. ಏಳಕ್ಕೆ ಏಳೂ ಗೆದ್ದು, ಯೊಕೊಹಾಮಾ ಫೈನಲಲ್ಲಿ ಜರ್ಮನಿಗೆ 2-0.

ಮಂಜೇಶ್ವರ ಸಿಆರ್7
ಆಮೇಲೆ ಪೋರ್ಚುಗಲ್ ಕೋಚ್ ಆಗಿ ಕ್ರಿಸ್ಟಿಯಾನೊ ರೊನಾಲ್ಡೊಗೆ 2003ರಲ್ಲಿ ದೇಶಕ್ಕೆ ಮೊದಲ ಮ್ಯಾಚು ಆಡಿಸಿದ್ದೂ ಸ್ಕೊಲಾರಿಯೇ, ಅದನ್ನೂ ಆ ಮಕ್ಕಳಿಗೆ ಹೇಳಿ. 2004 ಯೂರೋದಲ್ಲಿ ಮನೆ ಕಿಟಕಿಗೆ ಬಾವುಟ ಕಟ್ಟಿ ಅಂತ ಜನರ ಹತ್ರ ಕೇಳ್ಕೊಂಡ್ರು, ಜನ ಕಟ್ಟಿದ್ರು. ಫೈನಲಲ್ಲಿ ಗ್ರೀಸ್ ಹತ್ರ ಸೋತದ್ದು ಈಗಲೂ ಹೊಟ್ಟೆ ಉರಿತದೆ. 2006ಕ್ಕೆ ವರ್ಲ್ಡ್ ಕಪ್ ಸೆಮಿ. 2002, 2004, 2006, ಮೂರೂ ಸಲ ಇಂಗ್ಲೆಂಡನ್ನ ಕ್ವಾರ್ಟರಲ್ಲೇ ಮನೆಗೆ ಕಳಿಸಿದ್ದು ಇವರೇ. ಇಂಗ್ಲೆಂಡಿನ ಕ್ಲಬ್ ಚೆಲ್ಸಿಯಲ್ಲಿ ಏಳು ತಿಂಗಳಿಗೇ ತೆಗೆದ್ರು, ಅದು ಬಿಡಿ.

ಬದಿಯಡ್ಕ ಮಾಷ್ಟ್ರು
ನಾನೂ ಬ್ರೆಜಿಲೇ, ಆದ್ರೆ 7-1 ಬದಿಗಿಡ್ಲಿಕ್ಕೆ ಆಗುದಿಲ್ಲ. ಇವರ ಟೀಮಿಗೆ ಅಲ್ಲಿ ‘ಸ್ಕೊಲಾರಿ ಕುಟುಂಬ’ ಅಂತಲೇ ಹೆಸರು, ನಂಬಿದವನ ಕೈ ಬಿಡುದಿಲ್ಲ. 2002ರಲ್ಲಿ ಗೆಲ್ಲಿಸಿದ್ದು ಅದೇ, 2014ರಲ್ಲಿ ಮುಳುಗಿಸಿದ್ದೂ ಅದೇ. 2013 ಕಾನ್ಫೆಡರೇಶನ್ಸ್ ಕಪ್ ಫೈನಲಲ್ಲಿ ಸ್ಪೇನಿಗೆ 3-0 ಕೊಟ್ಟ ಹುಡುಗರಲ್ಲಿ ಫ್ರೆಡ್ ಮರುವರ್ಷ ಏನೂ ಆಡದಿದ್ರೂ ಸೆಮಿಯಲ್ಲಿ ಅವನೇ ಮುಂದೆ. ನೇಯ್ಮಾರ್ ಬೆನ್ನಿಗೆ ಪೆಟ್ಟು, ತಿಯಾಗೊ ಸಿಲ್ವಾ ಸಸ್ಪೆಂಡ್, ಆಗ ಮಿಡ್‌ಫೀಲ್ಡಿಗೆ ಇನ್ನೊಬ್ಬನ್ನ ಸೇರಿಸುದು ಬಿಟ್ಟು ವಿಂಗರ್ ಬರ್ನಾರ್ಡನ ಇಳಿಸಿದ್ರು, ಜರ್ಮನಿಯ ಕ್ರೂಸ್, ಖೆದಿರಾಗೆ ನಡು ಗ್ರೌಂಡ್ ಖಾಲಿ ಸಿಕ್ಕಿತು, 23ರಿಂದ 29ನೇ ನಿಮಿಷದ ಒಳಗೆ ನಾಲ್ಕು ಗೋಲು. ಇದೇ ಮನುಷ್ಯ 2002ರಲ್ಲಿ ಇಂಗ್ಲೆಂಡ್ ಮ್ಯಾಚಿಗೆ ಅಟ್ಯಾಕ್ ಆಡುವ ಜುನಿನ್ಯೊನ ಕೂರಿಸಿ ನಡು ಗ್ರೌಂಡ್ ಕಾಯುವ ಕ್ಲೆಬರ್ಸನನ್ನ ಇಳಿಸಿದವರು. ಆ ಗಟ್ಟಿತನ ಎಲ್ಲಿ ಹೋಯ್ತು ಅಂತ ನನ್ನ ಸಂಕಟ.

ಉಪ್ಪಳದ ಹಳದಿ ಜೆರ್ಸಿ
ಮಾಷ್ಟ್ರೇ, ಕ್ಲೆಬರ್ಸನ್ ಪಾಯಿಂಟ್ ಸರಿ ಉಂಟು. ಆದ್ರೆ ಅಂಥಾ ಪೆಟ್ಟು ತಿಂದವರು ಮನೆಯಲ್ಲಿ ಕೂರಲಿಲ್ಲ ಅಲ್ವಾ, ಚೀನಾಕ್ಕೆ ಹೋಗಿ ಗುವಾಂಗ್‌ಝೌಗೆ ಮೂರು ಲೀಗ್, 2015ರ ಏಷ್ಯನ್ ಚಾಂಪಿಯನ್ಸ್ ಲೀಗ್, ಮತ್ತೆ ಊರಿಗೆ ಬಂದು 70ರ ಪ್ರಾಯದಲ್ಲಿ ಪಾಲ್ಮೈರಾಸಿಗೆ 2018ರ ಲೀಗ್. 1995ರಲ್ಲಿ ಬ್ರೆಜಿಲ್ ಕ್ಲಬ್ ಗ್ರೆಮಿಯೊಗೆ ದಕ್ಷಿಣ ಅಮೆರಿಕದ ದೊಡ್ಡ ಕ್ಲಬ್ ಕಪ್ ಲಿಬರ್ತಾದೋರೆಸ್ ಗೆಲ್ಲಿಸಿದ ಮ್ಯಾಚಿನ ವಿಡಿಯೋ ಯಾರ ಹತ್ರ ಆದ್ರೂ ಇದ್ರೆ ಲಿಂಕ್ ಹಾಕಿ, ನಮ್ಮ ಕ್ಲಬ್ಬಿನ ಹುಡುಗರಿಗೆ ತೋರಿಸ್ಬೇಕು.