ತಮ್ಮ ತನಗೆ ಕಾಯಿಲೆಯೇ ಇಲ್ಲ ಅಂತಾನೆ, ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಇದೆ ಅಂತ ಗೊತ್ತಾಗಿ ಎರಡು ವರ್ಷ ಆಯ್ತು. ಗೋಡೆಯಾಚೆಯಿಂದ ಯಾರೋ ಬೈಯುತ್ತಾರೆ ಅನ್ನುತ್ತಾನೆ. ಮಾತ್ರೆ ಕೊಟ್ಟರೆ, ‘ನನಗೇನಾಗಿದೆ, ನೀನೇ ತಗೋ’ ಅಂತಾನೆ. ಅಪ್ಪ ಇದು ಬರೀ ಹಟ ಅನ್ನುತ್ತಾರೆ. ಮೆದುಳಿನ ಸ್ಕ್ಯಾನ್ ಮಾಡಿಸಿ, ‘ನೋಡು, ಇಲ್ಲಿದೆ’ ಅಂತ ತೋರಿಸಬಹುದಾ?

ಉತ್ತರ (ಮನೋವೈದ್ಯರು): ನೋಡಿಮ್ಮಾ, ಮೊದಲು ಅಪ್ಪನಿಗೆ ಹೇಳಿ, ಇದನ್ನು ಹಟ ಅಂತ ತಳ್ಳಿಹಾಕುವ ಹಾಗಿಲ್ಲ. ಪಾರ್ಶ್ವವಾಯು ಹೊಡೆದು ಎಡಗೈ ಬಿದ್ದುಹೋದ ಕೆಲವರು ‘ನನ್ನ ಕೈ ಚೆನ್ನಾಗೇ ಇದೆ’ ಅನ್ನುತ್ತಾರೆ. ಸುಳ್ಳಲ್ಲ, ಅವರಿಗೆ ನಿಜಕ್ಕೂ ಗೊತ್ತಾಗುವುದಿಲ್ಲ. 1914ರಲ್ಲಿ ಜೋಸೆಫ್ ಬಾಬಿನ್ಸ್ಕಿ ಎಂಬ ನರರೋಗ ತಜ್ಞರು ಇದಕ್ಕೆ ಅನೊಸೊಗ್ನೋಸಿಯಾ ಅಂತ ಹೆಸರಿಟ್ಟರು. ಸ್ಕಿಜೋಫ್ರೇನಿಯಾ ಇರುವ ಬಹಳ ಜನರಲ್ಲಿ ಇದನ್ನೇ ಹೋಲುವ ಸ್ಥಿತಿ ಕಾಣುತ್ತದೆ.

ಮೆದುಳಿನಲ್ಲಿ ಇದರ ಗುರುತುಗಳೂ ಸಿಕ್ಕಿವೆ. ಒಂದು ಇಸ್ಪೀಟಿನಂಥ ಪರೀಕ್ಷೆ ಇದೆ, ವಿಸ್ಕಾನ್ಸಿನ್ ಕಾರ್ಡ್ ಪರೀಕ್ಷೆ ಅಂತ. ಕಾರ್ಡು ಜೋಡಿಸುವ ನಿಯಮ ನಡುವೆ ಸುಮ್ನೆ ಬದಲಾಗುತ್ತದೆ, ಹೇಳುವುದಿಲ್ಲ. ಕಾಯಿಲೆಯ ಅರಿವು ಕಡಿಮೆ ಇರುವವರು, ತಪ್ಪು ಅಂತ ಹೇಳಿದರೂ ಹಳೇ ನಿಯಮಕ್ಕೇ ಅಂಟಿಕೊಳ್ಳುವುದು ಸ್ವಲ್ಪ ಜಾಸ್ತಿ. ಹಣೆಯ ಹಿಂದಿನ ಭಾಗ ಮತ್ತು ಬಲ ಮೆದುಳಿನ ಮೇಲ್ಭಾಗದ ವ್ಯತ್ಯಾಸಗಳೂ ಹಲವು ಅಧ್ಯಯನಗಳಲ್ಲಿ ಕಂಡಿವೆ. ನಾವು ತಪ್ಪು ಮಾಡಿದಾಗ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಮೆದುಳಿನಲ್ಲಿ ‘ಎಡವಟ್ಟಾಯ್ತು’ ಅನ್ನುವಂಥ ಒಂದು ವಿದ್ಯುತ್ ಅಲೆ ಏಳುತ್ತದೆ. ಈ ಕಾಯಿಲೆಯಲ್ಲಿ ಆ ಅಲೆ ಸಾಮಾನ್ಯವಾಗಿ ಚಿಕ್ಕದಾಗಿರುತ್ತದೆ.

ಆದರೆ ಇವೆಲ್ಲ ಗುಂಪಿನ ಸರಾಸರಿ ಲೆಕ್ಕ. ಒಬ್ಬರ ಸ್ಕ್ಯಾನ್ ನೋಡಿ ‘ಇವರಿಗೆ ಅರಿವಿಲ್ಲ’ ಅಂತ ಯಾರೂ ಹೇಳಲಾರರು. ಗಡ್ಡೆಯಂಥ ಬೇರೆ ಕಾರಣ ಇಲ್ಲ ಅಂತ ಖಚಿತಪಡಿಸಿಕೊಳ್ಳಲು ನಾವು ಸ್ಕ್ಯಾನ್ ಮಾಡಿಸುತ್ತೇವೆ, ಅಷ್ಟೇ. ರಿಪೋರ್ಟ್ ನಾರ್ಮಲ್ ಬಂದರೆ ತಮ್ಮ ಅದನ್ನೇ ನಿಮ್ಮ ಮುಂದೆ ಹಿಡಿಯುತ್ತಾನೆ, ಅಲ್ವಾ?

ಇನ್ನೊಬ್ಬ ಸದಸ್ಯರು: ಕಿವಿಗೆ ತಣ್ಣೀರು ಬಿಟ್ಟರೆ ಅರಿವು ಬರುತ್ತದಂತೆ, ನಿಜವಾ ಸರ್?

ಉತ್ತರ: ಅರ್ಧ ನಿಜ. ಎಡಗಿವಿಗೆ ತಣ್ಣೀರು ಹಾಯಿಸಿದಾಗ ಪಾರ್ಶ್ವವಾಯುವಿನ ಕೆಲವು ರೋಗಿಗಳಿಗೆ ಸ್ವಲ್ಪ ಹೊತ್ತು ‘ಹೌದು, ಕೈ ಆಡುತ್ತಿಲ್ಲ’ ಅನ್ನುವ ಅರಿವು ಬಂದಿದೆ. ಆಮೇಲೆ ಮತ್ತೆ ಹೋಗಿದೆ. ಸ್ಕಿಜೋಫ್ರೇನಿಯಾದಲ್ಲೂ ಪ್ರಯತ್ನಿಸಿದ್ದಾರೆ, ಆದರೆ ಅದಿನ್ನೂ ಚಿಕಿತ್ಸೆಯಾಗಿಲ್ಲ. ದಯವಿಟ್ಟು ಮನೆಯಲ್ಲಿ ಮಾಡಬೇಡಿ. ತಲೆ ಗಿರ್ರನೆ ತಿರುಗುತ್ತದೆ, ವಾಂತಿಯಾಗುತ್ತದೆ. ಕಿವಿತಮಟೆ ತೂತಾಗಿದ್ದರೆ ಸೋಂಕೂ ಆಗಬಹುದು.

ಪ್ರಶ್ನೆ: ಹಾಗಾದ್ರೆ ಅವನ ಹತ್ತಿರ ಹೇಗೆ ಮಾತಾಡಲಿ?

ಉತ್ತರ: ಕಾಯಿಲೆಯ ಹೆಸರು ಎತ್ತಬೇಡಿ. ನಿದ್ದೆ ಬರುತ್ತಿದೆಯಾ ಅಂತ ಕೇಳಿ. ಆ ಬೈಗುಳ ಕೇಳಿ ಸಾಕಾಗಿರುತ್ತದೆ ಅವನಿಗೆ. ‘ಎಷ್ಟು ಕಷ್ಟ ಆಗ್ತಿರಬೇಕು ನಿಂಗೆ’ ಅನ್ನಿ. ಧ್ವನಿ ಇದೆ ಅಂತ ಒಪ್ಪುವುದೂ ಬೇಡ, ಇಲ್ಲ ಅಂತ ವಾದವೂ ಬೇಡ. ‘ನಿದ್ದೆಗೋಸ್ಕರ ಡಾಕ್ಟರ್ ಹತ್ತಿರ ಹೋಗೋಣ’ ಅಂದರೆ ಬರುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ದಿನಾ ಮಾತ್ರೆ ಬೇಡ ಅಂದರೆ, ಕೆಲವು ವಾರಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.

ಇನ್ನೊಂದು ಮುಖ್ಯ ವಿಷಯ. ಔಷಧಿಯಿಂದ ಕೆಲವರಿಗೆ ಅರಿವು ನಿಧಾನಕ್ಕೆ ಮರಳುತ್ತದೆ. ಆಗ ‘ನನಗೆ ಹೀಗಾಗಿತ್ತಾ’ ಅಂತ ತುಂಬಾ ಕುಗ್ಗಿಹೋಗುವುದುಂಟು. ಆ ದಿನಗಳಲ್ಲಿ ಅವನನ್ನು ಒಂಟಿಯಾಗಿ ಬಿಡಬೇಡಿ. ಸಾಯುವ ಮಾತು ಒಂದೇ ಸಲ ಬಂದರೂ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.