ಶಿಮ್ಲಾದಲ್ಲಿ ಕಡಿಮೆ ಬಾಡಿಗೆಯ ಹೋಟೆಲ್: ಮಾಲ್ ರೋಡಾ, ಲಕ್ಕಡ್ ಬಜಾರಾ, ಬಸ್ ನಿಲ್ದಾಣದ ಹತ್ತಿರವಾ?

ಬೆಟ್ಟದಹಾದಿ:

ಜನವರಿ ಎರಡನೇ ವಾರ ಶಿಮ್ಲಾದಲ್ಲಿ ಮೂರು ರಾತ್ರಿ ಉಳಿಯಬೇಕು. ನಾಲ್ಕು ಜನ, ಎರಡು ಕೋಣೆ. ಅಮ್ಮನಿಗೆ 68 ವರ್ಷ, ಮಂಡಿ ನೋವಿದೆ, ನಿಧಾನವಾಗಿ ನಡೆಯುತ್ತಾರೆ. ಕಾಲ್ಕಾದಿಂದ ಮಧ್ಯಾಹ್ನದ ಪುಟ್ಟ ರೈಲಿನಲ್ಲಿ ಬಂದು ಸಂಜೆ ಇಳಿಯುತ್ತೇವೆ. ಕೋಣೆಗೆ ರಾತ್ರಿಗೆ 2000 ರೂಪಾಯಿ ದಾಟಬಾರದು.

ಆ್ಯಪ್‌ನಲ್ಲಿ ನೋಡಿಟ್ಟುಕೊಂಡಿರುವುದು ಮೂರು: "ಮಾಲ್ ರೋಡಿಗೆ 300 ಮೀಟರ್" ಅಂತ ಹಾಕಿರುವ ಒಂದು, ಲಕ್ಕಡ್ ಬಜಾರಿನಲ್ಲಿ ಒಂದು, ಟೂಟಿಕಂಡಿ ಬಸ್ ನಿಲ್ದಾಣದ ಹತ್ತಿರ ಎಲ್ಲಕ್ಕಿಂತ ಅಗ್ಗದ್ದು ಒಂದು. ಮೂರರಲ್ಲೂ "24 ಗಂಟೆ ಬಿಸಿನೀರು" ಅಂತಿದೆ. ಯಾವುದು ವಾಸಿ? ದುಡ್ಡು ಕಟ್ಟುವ ಮೊದಲು ಹೋಟೆಲ್‌ನವರನ್ನು ಏನೇನು ಕೇಳಬೇಕು?

ಘಟ್ಟದಮೇಲೆ:

ಆ 300 ಮೀಟರ್ ಅನ್ನುವ ಅಂಕಿಯನ್ನು ಮೊದಲು ಬದಿಗಿಡಿ. ಶಿಮ್ಲಾ ಸುಮಾರು 2200 ಮೀಟರ್ ಎತ್ತರದಲ್ಲಿ, ಬೆಟ್ಟದ ಏಣಿನ ಮೇಲೆ ಕೂತಿರುವ ಊರು. ಬೀದಿಗಳು ಒಂದರ ಕೆಳಗೊಂದು: ನೆತ್ತಿಯಲ್ಲಿ ರಿಡ್ಜ್ ಅನ್ನುವ ಬಯಲು, ಅದಕ್ಕೆ ತಾಗಿಕೊಂಡು ತುಸು ಕೆಳಗೆ ಮಾಲ್ ರೋಡ್, ಆಮೇಲೆ ಮಿಡ್ಲ್ ಬಜಾರ್, ಲೋವರ್ ಬಜಾರ್, ಕೊನೆಗೆ ಟ್ಯಾಕ್ಸಿ-ಬಸ್ಸು ಓಡುವ ಕಾರ್ಟ್ ರೋಡ್. ನಕ್ಷೆ ಅಳೆಯುವುದು ಅಡ್ಡ ದೂರವನ್ನು ಮಾತ್ರ. ನಿಮ್ಮ 300 ಮೀಟರಿನ ಹೋಟೆಲ್ ಮಾಲ್ ರೋಡಿನ ಮಟ್ಟದಲ್ಲೇ ಇದ್ದರೆ ಅಮ್ಮ ಐದಾರು ನಿಮಿಷದಲ್ಲಿ ತಲುಪುತ್ತಾರೆ. ಅದೇ 120 ಮೆಟ್ಟಿಲು ಕೆಳಗಿದ್ದರೆ, ಮೆಟ್ಟಿಲಿಗೆ ಆರೂವರೆ ಅಂಗುಲ ಹಿಡಿದರೂ 20 ಮೀಟರ್ ಆಯಿತು, ಅಂದರೆ ಲಿಫ್ಟ್ ಇಲ್ಲದ ಆರು-ಏಳು ಮಹಡಿ, ಪ್ರತಿಸಲ ಹೊರಗೆ ಹೋಗಿಬರುವಾಗಲೂ. ಮಂಡಿ ಸವೆದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ನೋವು ಕೊಡುತ್ತದೆ, ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೋಟೆಲ್ ಬಾಗಿಲಿಗೇ ಕಾರು ಬರುತ್ತದೆ ಅಂದುಕೊಳ್ಳಬೇಡಿ. ರಿಡ್ಜ್ ಮತ್ತು ಮಾಲ್ ರೋಡಿನ ಪೇಟೆ ಭಾಗಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, 2007ರ ಕಾಯ್ದೆಯೇ ಇದೆ. ಕಾರ್ಟ್ ರೋಡಿನಿಂದ ಮಾಲ್ ರೋಡಿಗೆ ಹಿಮಾಚಲ ಪ್ರವಾಸೋದ್ಯಮ ನಿಗಮದ ಲಿಫ್ಟ್ ಇದೆ. ಎರಡು ಹಂತ: ಮೊದಲ ಲಿಫ್ಟಿನಲ್ಲಿ ಮೇಲೆ ಹೋಗಿ, ಓಣಿಯಂಥ ದಾರಿಯಲ್ಲಿ ಸ್ವಲ್ಪ ನಡೆದು, ಎರಡನೇ ಲಿಫ್ಟ್ ಹತ್ತಬೇಕು. ಟಿಕೆಟ್ ಇದೆ. ಸಂಜೆ ಸಾಲು ಉದ್ದ ಇರುತ್ತದೆ, ರಾತ್ರಿ ಮುಚ್ಚುತ್ತದೆ. ಅಮ್ಮ ಜೊತೆಗಿರುವಾಗ ನಾನು ಹುಡುಕುವುದು ಈ ಲಿಫ್ಟಿನ ಮೇಲಿನ ಬಾಗಿಲಿನಿಂದ ಎಡಕ್ಕೋ ಬಲಕ್ಕೋ, ಮಾಲ್ ರೋಡಿನ ಮಟ್ಟದಲ್ಲೇ ಇರುವ ಹೋಟೆಲ್ ಮಾತ್ರ. ಕೋಣೆ ಚಿಕ್ಕದಿರಲಿ, ಹಳೆಯದಿರಲಿ. ಅಲ್ಲಿಂದ ಸ್ಕ್ಯಾಂಡಲ್ ಪಾಯಿಂಟ್, ಕ್ರೈಸ್ಟ್ ಚರ್ಚ್, ಗೇಯ್ಟಿ ಥಿಯೇಟರ್ ಎಲ್ಲವೂ ಮೆಟ್ಟಿಲು ಹಿಡಿಯದೆ ನಡೆದು ಹೋಗುವಷ್ಟು ಹತ್ತಿರ.

ಹಿಂದಿಯಲ್ಲಿ ನೇರವಾಗಿ ಕೇಳಿ: "ಗಾಡಿ ಕಹಾಂ ತಕ್ ಆತೀ ಹೈ? ವಹಾಂ ಸೇ ರಿಸೆಪ್ಷನ್ ತಕ್ ಕಿತ್ನೀ ಸೀಢಿಯಾಂ ಹೈಂ? ರಿಸೆಪ್ಷನ್ ಸೇ ಕಮ್ರೇ ತಕ್ ಕಿತ್ನೀ?" (ಗಾಡಿ ಎಲ್ಲಿಯವರೆಗೆ ಬರುತ್ತದೆ? ಅಲ್ಲಿಂದ ರಿಸೆಪ್ಷನ್‌ವರೆಗೆ ಎಷ್ಟು ಮೆಟ್ಟಿಲು? ರಿಸೆಪ್ಷನ್‌ನಿಂದ ಕೋಣೆವರೆಗೆ ಎಷ್ಟು?) ಮೊದಲನೆಯದಕ್ಕೆ ಜಾಗದ ಹೆಸರು, ಉಳಿದೆರಡಕ್ಕೆ ಸಂಖ್ಯೆಯಲ್ಲಿ ಉತ್ತರ ಬರಬೇಕು. "ಬಸ್, ಪಾಂಚ್ ಮಿನಿಟ್" (ಐದೇ ನಿಮಿಷ) ಅಂದರೆ ಅದು ಉತ್ತರವಲ್ಲ, ಮತ್ತೆ ಕೇಳಿ.

ವೈರಿಂಗ್‌ಮೇಸ್ತ್ರಿ:

ಲಕ್ಕಡ್ ಬಜಾರ್ ಬೇಸಿಗೆಗೆ ಸರಿ, ಜನವರಿಗೆ ಬೇಡ. ಅದು ಏಣಿನ ಉತ್ತರದ ಮಗ್ಗುಲು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಓಡಾಡುವುದರಿಂದ ಬೆಟ್ಟದ ನೆರಳೇ ಆ ಬದಿಯ ಮೇಲೆ ಬೀಳುತ್ತದೆ. ಊರಿನ ತೆರೆದ ಐಸ್ ಸ್ಕೇಟಿಂಗ್ ಅಂಗಳ 1920ರಿಂದ ಆ ಕಡೆಯೇ ಇದೆ. ನೀರು ಹಾಯಿಸಿದರೆ ರಾತ್ರಿ ಚಳಿಗೆ ತಾನಾಗಿ ಹೆಪ್ಪುಗಟ್ಟುತ್ತದೆ. ಸ್ಕೇಟಿಂಗಿಗೆ ಅನುಕೂಲವಾದದ್ದು ನಲ್ಲಿ ಪೈಪಿಗೂ ನಿಮ್ಮ ಅಮ್ಮನ ಕಾಲಿಗೂ ಅನುಕೂಲವಲ್ಲ. ಬಿದ್ದ ಹಿಮ ಅಲ್ಲಿ ದಿನಗಟ್ಟಲೆ ಕರಗದೆ, ತುಳಿದು ತುಳಿದು ಗಾಜಿನಂತಾಗುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಕೋಣೆ ಕೇಳಿ.

ಇನ್ನು "24 ಗಂಟೆ ಬಿಸಿನೀರು". ಅದರ ಅರ್ಥ ಬಚ್ಚಲಲ್ಲಿ ಗೀಸರ್ ಇದೆ ಅಂತ ಅಷ್ಟೇ. ಎಷ್ಟು ಲೀಟರಿನದು ಅಂತ ಕೇಳಿ. 15 ಲೀಟರ್, 2000 ವ್ಯಾಟಿನದಾದರೆ ಲೆಕ್ಕ ಹೀಗೆ: ಜನವರಿಯಲ್ಲಿ ತೊಟ್ಟಿ ನೀರು 8 ಡಿಗ್ರಿ ಅಂತ ಹಿಡಿಯಿರಿ. 60 ಡಿಗ್ರಿಗೆ ಏರಲು ಸುಮಾರು 27 ನಿಮಿಷ. ಆ ನೀರಿಗೆ ತಣ್ಣೀರು ಬೆರೆಸಿ 40 ಡಿಗ್ರಿಗೆ ತಂದರೆ ಸಿಗುವುದು 24 ಲೀಟರ್, ಒಂದೂಕಾಲು ಬಕೆಟ್. ಒಬ್ಬರ ಸ್ನಾನ ಮುಗಿದ ಮೇಲೆ ಇನ್ನೊಬ್ಬರು ಅರ್ಧ ಗಂಟೆ ಕಾಯಬೇಕು. ಬೆಳಿಗ್ಗೆ ಊರೆಲ್ಲ ಹೀಟರ್ ಹಾಕಿದಾಗ ವೋಲ್ಟೇಜ್ 190ಕ್ಕೆ ಕುಸಿದರೆ ಗೀಸರಿನ ಶಕ್ತಿ ಮೂರನೇ ಎರಡು ಭಾಗಕ್ಕೆ ಇಳಿದು, 27 ನಿಮಿಷ ಇದ್ದದ್ದು 40 ಆಗುತ್ತದೆ. ಕೆಟ್ಟಿದೆ ಅಂತ ರಿಸೆಪ್ಷನ್‌ಗೆ ಓಡಬೇಡಿ, ಇನ್ನೊಂದಿಷ್ಟು ಹೊತ್ತು ಬಿಡಿ.

ಗೋಡೆಗೆ ಅಂಟಿಸಿದ 3 ಲೀಟರಿನ ಇನ್‌ಸ್ಟಂಟ್ ಗೀಸರ್ ಇದ್ದರೆ ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಡಬೇಕು. 3000 ವ್ಯಾಟಿನ ಗೀಸರ್ 8 ಡಿಗ್ರಿ ನೀರನ್ನು 40ಕ್ಕೆ ಏರಿಸುತ್ತ ಕೊಡುವುದು ನಿಮಿಷಕ್ಕೆ ಒಂದೂಕಾಲು-ಒಂದೂವರೆ ಲೀಟರ್ ಮಾತ್ರ. 18 ಲೀಟರ್ ಬಕೆಟ್ ತುಂಬಲು 13 ನಿಮಿಷ. ನಮ್ಮ ಕಡೆ ನೀರು ಮೊದಲೇ 25 ಡಿಗ್ರಿ ಇರುವುದರಿಂದ ಅದೇ ಗೀಸರ್ 6 ನಿಮಿಷದಲ್ಲಿ ತುಂಬಿಸುತ್ತದೆ. ಇಲ್ಲಿನ ಅಂದಾಜಿಗೆ ನಲ್ಲಿ ಪೂರ್ತಿ ತಿರುಗಿಸಿದವರಿಗೆ ಅಲ್ಲಿ ಉಗುರು ಬೆಚ್ಚಗಿನ ನೀರೂ ಬರುವುದಿಲ್ಲ.

ರೂಮ್ ಹೀಟರಿಗೆ ಈ ದರದ ಹೋಟೆಲ್‌ಗಳಲ್ಲಿ ಸಾಮಾನ್ಯವಾಗಿ ರಾತ್ರಿಗೆ ಇಷ್ಟು ಅಂತ ಬೇರೆ ದುಡ್ಡು. ಬಾಡಿಗೆಯ ಜೊತೆಗೇ ಕೇಳಿ ಬರೆಸಿಕೊಳ್ಳಿ. 2000 ವ್ಯಾಟಿನ ಹೀಟರ್ 8.7 ಆಂಪಿಯರ್ ಎಳೆಯುತ್ತದೆ, ಅದನ್ನು 16 ಆಂಪಿಯರಿನ ದೊಡ್ಡ ಸಾಕೆಟ್ಟಿಗೇ ಹಾಕಬೇಕು. 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ಕೊಟ್ಟರೆ ಬೇಡ ಅನ್ನಿ. ಹಳೆಯ ಶಿಮ್ಲಾ ಕಟ್ಟಡಗಳಲ್ಲಿ ಮರದ ಚೌಕಟ್ಟಿನ ನಡುವೆ ಕಲ್ಲು-ಮಣ್ಣು ತುಂಬಿದ ಗೋಡೆಗಳಿವೆ, ಧಜ್ಜಿ ಅನ್ನುತ್ತಾರೆ. ಭೂಕಂಪಕ್ಕೆ ಒಳ್ಳೆಯದು, ಆದರೆ ಮರದ ಮೇಲೆ ಹಾಯಿಸಿದ ಹಳೆಯ ವೈರು ಬಿಸಿಯಾದರೆ ಕಷ್ಟ. ಗೀಸರ್ ಮತ್ತು ಹೀಟರ್ ಒಟ್ಟಿಗೆ ಹಾಕಬೇಡಿ; ಟ್ರಿಪ್ ಆಗುವುದು ಹೆಚ್ಚಾಗಿ ಆಗಲೇ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಕರೆಂಟ್ ಹೋಯಿತೆಂದು ಇದ್ದಿಲಿನ ಅಂಗೀಠಿಯನ್ನೋ ಗ್ಯಾಸ್ ಹೀಟರನ್ನೋ ತಂದುಕೊಟ್ಟರೆ ಕೋಣೆಯೊಳಗೆ ಇಟ್ಟುಕೊಂಡು ಮಲಗಬೇಡಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇರುವ ಕೋಣೆಯೂ ಬೇಡವೇ ಬೇಡ. ಬದಲಿಗೆ ಇನ್ನೆರಡು ರಜಾಯಿ ಕೇಳಿ, ಬಿಸಿನೀರಿನ ರಬ್ಬರ್ ಚೀಲ ಮನೆಯಿಂದಲೇ ಒಯ್ಯಿರಿ.

ಬೆಟ್ಟದಹಾದಿ:

ಲಕ್ಕಡ್ ಬಜಾರ್ ಕೈಬಿಟ್ಟೆ. ಆ 300 ಮೀಟರಿನವರಿಗೆ ಫೋನ್ ಮಾಡಿದೆ: ಮಾಲ್ ರೋಡಿನಿಂದ 85 ಮೆಟ್ಟಿಲು ಕೆಳಗೆ. ಲಿಫ್ಟ್ ಹತ್ತಿರ ಮಾಲ್ ಮಟ್ಟದಲ್ಲೇ ಒಂದು ಸಿಕ್ಕಿದೆ, 1800 ರೂಪಾಯಿ. "ವ್ಯಾಲಿ ವ್ಯೂ" ಬೇಕಾದರೆ 400 ಹೆಚ್ಚು ಅನ್ನುತ್ತಾರೆ. ನೋಟಕ್ಕಾಗಿ ಅಷ್ಟು ಕೊಡಬೇಕೇ? ಕೋಣೆ "ಗ್ರೌಂಡ್ ಫ್ಲೋರ್" ಅಂದರು, ಅದು ಸರಿ ತಾನೇ?

ಘಟ್ಟದಮೇಲೆ:

ಕೊಡಿ, ಆದರೆ ನೋಟಕ್ಕಾಗಿ ಅಲ್ಲ. ಇಳಿಜಾರಿನಲ್ಲಿ ಕಟ್ಟಿದ ಕಟ್ಟಡಕ್ಕೆ ಎರಡು ಮಗ್ಗುಲು. ಕಣಿವೆ ಕಡೆಯ ಕೋಣೆಗೆ ಬಿಸಿಲು, ಗಾಳಿ, ಮೊಬೈಲ್ ಸಿಗ್ನಲ್. ಬೆಟ್ಟದ ಕಡೆಯ ಕೋಣೆಯ ಕಿಟಕಿ ತೆರೆದರೆ ಎರಡಡಿ ಆಚೆ ಮಣ್ಣು ತಡೆಯುವ ಕಲ್ಲುಗೋಡೆ. ಬೆಟ್ಟದೊಳಗಿನ ನೀರು ಆ ಗೋಡೆಯ ಮೂಲಕ ಒಸರುತ್ತದೆ, ಕೋಣೆಯ ಗೋಡೆ ವರ್ಷವಿಡೀ ತೇವ, ಹಾಸಿಗೆಗೆ ಮುಗ್ಗಲು ವಾಸನೆ. ತೇವದ ಕೋಣೆಯನ್ನು ಹೀಟರ್ ಬೆಚ್ಚಗಾಗಿಸುವುದೂ ನಿಧಾನ. ನಿಮ್ಮದು ದಕ್ಷಿಣದ ಕಣಿವೆಯಾದರೆ 400 ರೂಪಾಯಿಗೆ ಹಗಲಿಡೀ ಬಿಸಿಲು ಸಿಕ್ಕ ಹಾಗೆ. 2000 ದಾಟಬಾರದೆಂದರೆ ಅಮ್ಮ ಇರುವ ಒಂದು ಕೋಣೆಗೆ ಮಾತ್ರ ಹೆಚ್ಚು ಕೊಟ್ಟು, ಇನ್ನೊಂದು ಮಾಮೂಲಿಯದೇ ಇರಲಿ: ಸರಾಸರಿ ಸರಿಯಾಗಿ 2000.

"ಗ್ರೌಂಡ್ ಫ್ಲೋರ್" ಅನ್ನುವುದನ್ನು ನಂಬಬೇಡಿ. ಈ ಊರಿನ ಎಷ್ಟೋ ಹೋಟೆಲ್‌ಗಳಿಗೆ ಮೇಲಿನ ರಸ್ತೆಯಿಂದ ಪ್ರವೇಶ. ರಿಸೆಪ್ಷನ್ ತುದಿಯಲ್ಲಿ, ಕೋಣೆಗಳು ಅದರಿಂದ ಕೆಳಕ್ಕೆ ಇಳಿಯುತ್ತ ಹೋಗುತ್ತವೆ. ಕಟ್ಟಡದ ತಳದ ಮಹಡಿಯನ್ನು ಗ್ರೌಂಡ್ ಅಂದರೆ ನೀವು ಮೂರು ಅಂತಸ್ತು ಇಳಿಯಬೇಕು. ಮೆಟ್ಟಿಲು ಎಷ್ಟು, ಮೇಲಕ್ಕೋ ಕೆಳಕ್ಕೋ ಅಂತಲೇ ಕೇಳಿ. ಇವತ್ತು ತೆಗೆದ ಒಂದು ವಿಡಿಯೋ, ಬಾಗಿಲಿನಿಂದ ಕೋಣೆಯವರೆಗೆ ನಡೆಯುತ್ತ ತೆಗೆದದ್ದು, ವಾಟ್ಸಾಪ್‌ನಲ್ಲಿ ಕಳಿಸಿ ಅನ್ನಿ. ಖಾಲಿ ದಿನಗಳಲ್ಲಿ ಸಂತೋಷವಾಗಿ ಕಳಿಸುತ್ತಾರೆ.

ಕಿಟಕಿಗೆ ಚಿಲಕ ಸರಿಯಿದೆಯಾ ನೋಡಿ. ಮಂಗಗಳು ತೆರೆದ ಕಿಟಕಿಯಿಂದ ಒಳಬಂದು ತಿಂಡಿ ಚೀಲ ಒಯ್ಯುತ್ತವೆ. ಜಾಖೂ ಬೆಟ್ಟಕ್ಕೆ ಹೋಗುವಾಗ ಕನ್ನಡಕ ಜೇಬಿನೊಳಗೆ. ಅಲ್ಲಿಗೆ ಅಮ್ಮನನ್ನು ನಡೆಸಬೇಡಿ, ರೋಪ್‌ವೇ ಇದೆ.

ನ್ಯಾರೋಗೇಜ್:

ಇಳಿದ ಮೇಲಿನ ದಾರಿ ಹೇಳುತ್ತೇನೆ. ಕಾಲ್ಕಾ-ಶಿಮ್ಲಾ 96 ಕಿಲೋಮೀಟರ್, ಐದು ಗಂಟೆಗೂ ಹೆಚ್ಚು. 1903ರಲ್ಲಿ ತೆರೆದ 762 ಮಿಲಿಮೀಟರ್ ಗೇಜಿನ ಹಳಿ, ಬೋಗಿ ಕಿರಿದು. ದೊಡ್ಡ ಸೂಟ್‌ಕೇಸ್ ಇಡಲು ಜಾಗವೇ ಇಲ್ಲ. ನಾಲ್ವರಿಗೂ ಒಂದೊಂದು ಮೆದು ಚೀಲ ಮಾಡಿಕೊಳ್ಳಿ, ಚಕ್ರದ ಪೆಟ್ಟಿಗೆ ಮೆಟ್ಟಿಲಿನ ಊರಿನಲ್ಲಿ ಬರೀ ಭಾರ. ದೆಹಲಿಯಿಂದ ಬರುವ ಶತಾಬ್ದಿ ತಡವಾದರೆ ಮಧ್ಯಾಹ್ನದ ಪುಟ್ಟ ರೈಲೂ ಕಾದು ತಡವಾಗಿ ಹೊರಡಬಹುದು.

ಜನವರಿಯಲ್ಲಿ ಐದೂಮುಕ್ಕಾಲರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ, ನೀವು ಇಳಿಯುವುದು ಹೆಚ್ಚುಕಡಿಮೆ ಕತ್ತಲಲ್ಲಿ. ನಿಲ್ದಾಣ ಊರಿನ ಪಶ್ಚಿಮದ ತುದಿಯಲ್ಲಿದೆ. ಅಲ್ಲಿಂದ ಕಾರ್ಟ್ ರೋಡಿನಲ್ಲೇ ಟ್ಯಾಕ್ಸಿ ಹಿಡಿದು, ಹಳೆಯ ಬಸ್ ನಿಲ್ದಾಣ ದಾಟಿ, "ಲಿಫ್ಟ್" ಅಂದರೆ ಸಾಕು. ದರ ಹತ್ತುವ ಮೊದಲೇ ಮಾತಾಡಿ. ಲಿಫ್ಟ್ ಮುಚ್ಚುವ ಹೊತ್ತನ್ನು ಹೋಟೆಲ್‌ನವರಿಂದ ಅದೇ ದಿನ ಬೆಳಿಗ್ಗೆ ಕೇಳಿಟ್ಟುಕೊಳ್ಳಿ. ರೈಲು ತೀರಾ ತಡವಾದರೆ ಎಚ್‌ಆರ್‌ಟಿಸಿಯ (ಹಿಮಾಚಲದ ಸರ್ಕಾರಿ ರಸ್ತೆ ಸಾರಿಗೆ ನಿಗಮ) "ರೈಡ್ ವಿತ್ ಪ್ರೈಡ್" ಟ್ಯಾಕ್ಸಿ ಸಿಗುತ್ತದಾ ವಿಚಾರಿಸಿ. ನಿರ್ಬಂಧಿತ ರಸ್ತೆಗಳಲ್ಲೂ ಓಡಲು ಅವಕ್ಕೆ ಅನುಮತಿ ಇದೆ, ಆದರೆ ಗಾಡಿಗಳು ಕಡಿಮೆ. ಸಾಮಾನಿಗೆ ಪೋರ್ಟರ್ ಹಿಡಿಯಲು ಜಿಪುಣತನ ಬೇಡ. ಹಗ್ಗದಲ್ಲಿ ನಾಲ್ಕೂ ಚೀಲ ಕಟ್ಟಿ ಬೆನ್ನಿಗೆ ಹಾಕಿಕೊಂಡು ಹೋಗುತ್ತಾರೆ. ಚೀಲಕ್ಕಿಷ್ಟೋ ಒಟ್ಟಿಗೋ, ಹೋಟೆಲ್ ಬಾಗಿಲವರೆಗೋ ಅನ್ನುವುದು ಮೊದಲೇ ಸ್ಪಷ್ಟವಿರಲಿ. ನಿಲ್ದಾಣದ ಹೊರಗೆ ಅಗ್ಗದ ಕೋಣೆ ತೋರಿಸುತ್ತೇನೆಂದು ಬೆನ್ನು ಹತ್ತುವವರ ಜೊತೆ ಹೋಗಬೇಡಿ, ಅವರ ಕಮಿಷನ್ ನಿಮ್ಮ ಬಾಡಿಗೆಯಲ್ಲೇ ಸೇರಿರುತ್ತದೆ.

ಟೂಟಿಕಂಡಿಯ ಆ ಅಗ್ಗದ ಹೋಟೆಲ್ ಹಳೆಯ ಬಸ್ ನಿಲ್ದಾಣದಿಂದಲೇ ಸುಮಾರು 5 ಕಿಲೋಮೀಟರ್. ಮರುದಿನ ಬೆಳಗಿನ ಜಾವದ ಬಸ್ ಹಿಡಿಯುವವರಿಗೆ ಮಾತ್ರ ಅದು ಸರಿ. ನಾಲ್ವರು ದಿನಕ್ಕೆರಡು ಸಲ ಟ್ಯಾಕ್ಸಿಗೆ ಕೊಡುವುದರಲ್ಲಿ ಉಳಿಸಿದ್ದೆಲ್ಲ ಹೋಗುತ್ತದೆ. ಕ್ರೈಸ್ಟ್ ಚರ್ಚ್ ಹಿಂದಿನ ವೈಎಂಸಿಎ, ಕಾಳಿಬಾಡಿ ದೇವಸ್ಥಾನದ ಅತಿಥಿಗೃಹ ಕಡಿಮೆ ಬಾಡಿಗೆಗೆ ಹೆಸರಾದವು, ಆದರೆ ಎರಡಕ್ಕೂ ಏರು ಹತ್ತಬೇಕು, ನಿಮಗೆ ಹೇಳಲಾರೆ.

ಬಿಲ್ಲಿನ ವಿಷಯ: 2025ರ ಸೆಪ್ಟೆಂಬರ್ 22ರಿಂದ 7500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ 5 ಶೇಕಡಾ, ಮೊದಲು 12 ಇತ್ತು. 1800ಕ್ಕೆ 90 ರೂಪಾಯಿ ಆಗುತ್ತದೆ. ಹೇಳಿದ ದರದಲ್ಲಿ ತೆರಿಗೆ ಸೇರಿದೆಯಾ ಕೇಳಿ. 12 ಹಾಕಿದರೆ ತೋರಿಸಿ ತಿದ್ದಿಸಿ. ಗುರುತಿನ ಚೀಟಿ ನಾಲ್ವರದೂ ಬೇಕು, ಆಧಾರ್ ಅಥವಾ ಡ್ರೈವಿಂಗ್ ಲೈಸೆನ್ಸ್. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇಲ್ಲದ ಕಾರಣ ಒಪ್ಪುವುದಿಲ್ಲ.

ಮುಂಗಡ ಪೂರ್ತಿ ಕಟ್ಟಬೇಡಿ, ರದ್ದು ಮಾಡಿದರೆ ವಾಪಸ್ ಬರುವ ದರವನ್ನೇ ಆರಿಸಿ. ದೊಡ್ಡ ಹಿಮ ಬಿದ್ದರೆ ರಸ್ತೆ ಒಂದೆರಡು ದಿನ ನಿಲ್ಲಬಹುದು, ಕರೆಂಟೂ ಹೋಗಬಹುದು. ಪುಟ್ಟ ರೈಲು ಸಾಮಾನ್ಯವಾಗಿ ಓಡುತ್ತಿರುತ್ತದೆ, ಆದ್ದರಿಂದ ವಾಪಸ್ ಟಿಕೆಟ್ಟನ್ನೂ ರೈಲಿಗೇ ಮಾಡಿಸಿ.

ವೈರಿಂಗ್‌ಮೇಸ್ತ್ರಿ:

ಬಿಟ್ಟುಹೋದದ್ದೊಂದು. ಬೆಳಿಗ್ಗೆ ನಲ್ಲಿಯಲ್ಲಿ ನೀರೇ ಬರದಿದ್ದರೆ ಅದು ಹೆಚ್ಚಾಗಿ ಹೊರಗೋಡೆಯ ಪೈಪು ಹೆಪ್ಪುಗಟ್ಟಿದ್ದು, ಬಿಸಿಲು ಬಿದ್ದ ಮೇಲೆ ಬಿಡುತ್ತದೆ. ನೀರು ಬರುವವರೆಗೆ ಗೀಸರ್ ಹಾಕಬೇಡಿ. ಹಿಂದಿನ ರಾತ್ರಿಯೇ ಎರಡು ಬಕೆಟ್ ತುಂಬಿಡಿ. ಅಮ್ಮನನ್ನು ಹತ್ತು ಗಂಟೆಗೆ ಮುಂಚೆ ಹೊರಗೆ ಕರೆದೊಯ್ಯಬೇಡಿ, ನಾಲ್ಕೂವರೆಯೊಳಗೆ ಕೋಣೆ ಸೇರಿಸಿ. ಹಗಲು ಕರಗಿದ ನೀರು ಸಂಜೆ ಕಲ್ಲಿನ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆಯಾಗುತ್ತದೆ. ಊರುಗೋಲಿಗೆ ಕಬ್ಬಿಣದ ಮೊನೆ ಇರಲಿ, ಸವೆದ ರಬ್ಬರ್ ಬುಡ ಅಲ್ಲಿ ಜಾರುತ್ತದೆ.